ಎದುರಾಳಿ ಎನ್ನಿ, ವೈರಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆ ಕೈಗೆ ಬಂದ ಕೂಡಲೇ ನಾನು ಮೊದಲು ತೆಗೆಯುವುದು ಕ್ರೀಡಾ ಪುಟ. ಮುಖಪುಟ ಆಮೇಲೆ. ಇದು 40 ವರ್ಷದ ಅಭ್ಯಾಸ. ಈಚೆಗೆ ಕಣ್ಣಿಗೆ ಪೊರೆ ಬಂದಿದೆ. ತಲೆಬರಹ ಕಾಣುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಸಂಜೆ ಶಾಲೆಯಿಂದ ಬಂದ ಮೇಲೆ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅವಳಿಗೆ 11 ವರ್ಷ. ಈ ಪತ್ರ ಬರೆಯಲು ಅವಳೇ ಕಾರಣ.

ಕಳೆದ ವಾರ ಅವಳ ಶಾಲೆಯ ವಾಲಿಬಾಲ್ ಪಂದ್ಯ ನೋಡಲು ಹೋಗಿದ್ದೆ. ಅವಳ ತಂಡ ಸೋತಿತು. ಕೊನೆಯ ಸೀಟಿ ಆದ ಮೇಲೆ ಎರಡೂ ತಂಡದವರು ನೆಟ್ ಹತ್ತಿರ ಸಾಲಾಗಿ ಬಂದು ಕೈ ಕೊಡಬೇಕು. ಎಲ್ಲರೂ ಬಂದರು. ಇವಳು ಬರಲಿಲ್ಲ. ಹಿಂದಿನ ಗೆರೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಆ ಕಡೆಯ ತಂಡದ ಒಂದು ಹುಡುಗಿ, 7ನೇ ನಂಬರ್ ಜರ್ಸಿಯವಳು, ನೆಟ್ ಕೆಳಗಿಂದ ಕೈ ಚಾಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕಾದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಹೋದಳು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ. "ಯಾಕೆ ಪುಟ್ಟಿ, ಆ ಹುಡುಗಿಗೆ ಕೈ ಕೊಡಲಿಲ್ಲ?"

"ಅವರು ನಮ್ಮ ಬದ್ಧವೈರಿಗಳು ಅಜ್ಜಿ" ಅಂದಳು.

ನನಗೆ ಮಾತೇ ಹೊರಡಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲ. ಅವಳ ಜೊತೆ ಆಡುವ ಮಕ್ಕಳೂ ಆಡುವುದನ್ನು ಕೇಳಿಲ್ಲ. ಹಾಗಾದರೆ ಎಲ್ಲಿಂದ ಬಂತು? ರಾತ್ರಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಒಂದು ತಿಂಗಳ ಕ್ರೀಡಾ ಪುಟಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಸೇಡಿನ ಸಮರ. ಬದ್ಧವೈರಿಗಳ ಕಾಳಗ. ಹುಟ್ಟಡಗಿಸಿದರು. ಮಣ್ಣು ಮುಕ್ಕಿಸಿದರು. ಧೂಳೀಪಟ. ಮಾರಣಹೋಮ. ಮಾರಣಹೋಮ ಎಂದು ಬರೆದಿದ್ದದ್ದು ಒಬ್ಬ ಬೌಲರ್ ಐದು ವಿಕೆಟ್ ತೆಗೆದುಕೊಂಡ ದಿನ. ಇವನ್ನೆಲ್ಲ ನನಗೆ ಓದಿ ಹೇಳಿದ್ದು ಆ ಮಗು. ದಿನಾ, ಗಟ್ಟಿಯಾಗಿ, ಅವಳದೇ ಬಾಯಲ್ಲಿ. ನಾನು ಕಣ್ಣು ಮುಚ್ಚಿಕೊಂಡು ಕೇಳಿದ್ದೇನೆ. ಒಂದು ದಿನವೂ ತಡೆದಿಲ್ಲ.

ನಾನು 22 ವರ್ಷ ವಾಲಿಬಾಲ್ ರೆಫರಿ ಆಗಿದ್ದವಳು. ವಾಲಿಬಾಲ್‌ನಲ್ಲಿ ಮೊದಲ ರೆಫರಿ ನಿಲ್ಲುವುದು ನೆಟ್ ಕಂಬದ ಪಕ್ಕದ ಎತ್ತರದ ಸ್ಟ್ಯಾಂಡ್ ಮೇಲೆ. ಗಂಡಸರ ಆಟದಲ್ಲಿ ನೆಟ್ 2.43 ಮೀಟರ್, ಹೆಂಗಸರದ್ದರಲ್ಲಿ 2.24 ಮೀಟರ್. ರೆಫರಿಯ ಕಣ್ಣು ಅದಕ್ಕಿಂತ ಸುಮಾರು ಅರ್ಧ ಮೀಟರ್ ಮೇಲಿರಬೇಕು. ಅಲ್ಲಿಂದ ಎರಡೂ ಕಡೆಯವರ ಮುಖ ಒಟ್ಟಿಗೆ ಕಾಣುತ್ತದೆ. ಪ್ರೇಕ್ಷಕರಿಗೆ ಹಾಗೆ ಕಾಣುವುದಿಲ್ಲ. ಅವರು ಒಂದು ಕಡೆಯನ್ನೇ ನೋಡುತ್ತಾರೆ. ಎತ್ತರದಿಂದ ನೋಡುವವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ. ಎರಡೂ ಮುಖ ಒಂದೇ ತರ ಇರುತ್ತವೆ. ಅದೇ ಭಯ, ಅದೇ ಆಸೆ, ಅದೇ ಬೆವರು.

ಒಂದು ದಿನದ ಕತೆ ಹೇಳಲೇಬೇಕು. ಸುಮಾರು 25 ವರ್ಷ ಆಯಿತು. ಇವತ್ತಿಗೂ ಅದನ್ನು ನೆನೆದರೆ ನನ್ನ ಕೈ ತಣ್ಣಗಾಗುತ್ತದೆ.

ಅದೊಂದು ಟೂರ್ನಮೆಂಟಿನ ಫೈನಲ್. ಅಕ್ಕಪಕ್ಕದ ಎರಡು ಊರಿನ ತಂಡಗಳು. ಐದನೇ ಸೆಟ್, 14–13. ಮುಂದಿದ್ದ ತಂಡಕ್ಕೆ ಇನ್ನೊಂದು ಪಾಯಿಂಟ್ ಬಂದರೆ ಆಟ ಮುಗಿಯುತ್ತಿತ್ತು. ಹಿಂದಿದ್ದ ತಂಡದವನು ಜೋರಾಗಿ ಸ್ಮ್ಯಾಷ್ ಹೊಡೆದ. ಮುಂದಿದ್ದ ತಂಡದ ಕ್ಯಾಪ್ಟನ್ ಅದನ್ನು ನೆಟ್ ಮೇಲೆ ತಡೆಯಲು ಬ್ಲಾಕ್‌ಗೆ ಹಾರಿದ. ಚೆಂಡು ಗೆರೆಯಿಂದ ಆಚೆ ಬಿತ್ತು. ಲೈನ್ ಜಡ್ಜ್ ಔಟ್ ಎಂದು ಬಾವುಟ ಎತ್ತಿದರು. ಬ್ಲಾಕರ್ ಕೈಗೆ ತಾಗಿ ಹೋಗಿದ್ದರೆ ಪಾಯಿಂಟ್ ಹೊಡೆದವರಿಗೆ. ತಾಗದಿದ್ದರೆ ಪಂದ್ಯವೇ ಮುಗಿಯಿತು. ನನಗೆ ತಾಗಿದ್ದು ಕಾಣಲಿಲ್ಲ. ಸೀಟಿ ಊದಿ ಔಟ್ ಎಂದು ಕೈ ತೋರಿಸಿದೆ.

ಸೋತ ಊರಿನ ಕಡೆಯಿಂದ "ಟಚ್! ಟಚ್!" ಎಂದು ಕೂಗು ಎದ್ದಿತು. ಕುರ್ಚಿಗಳು ಹಾರಿದವು. ಹತ್ತಿಪ್ಪತ್ತು ಜನ ಓಡಿ ಬಂದು ನನ್ನ ಸ್ಟ್ಯಾಂಡ್ ಹಿಡಿದು ಅಲ್ಲಾಡಿಸತೊಡಗಿದರು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಆಗ ಗೆದ್ದ ತಂಡದ ಕ್ಯಾಪ್ಟನ್ ಸ್ಟ್ಯಾಂಡ್ ಹತ್ತಿರ ಬಂದ. 20, 21 ವರ್ಷದ ಹುಡುಗ. ತಲೆ ಎತ್ತಿ ನನ್ನನ್ನು ನೋಡಿ ಬಲಗೈ ತೋರಿಸಿದ. "ಮೇಡಂ, ತಾಗಿತ್ತು. ಈ ಬೆರಳಿಗೆ" ಅಂದ.

ಆ ಗಲಾಟೆಯಲ್ಲಿ ಅವನು ಸುಮ್ನೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಪ್ ಅವರದ್ದಾಗುತ್ತಿತ್ತು. ಎರಡನೇ ರೆಫರಿಯನ್ನೂ ಲೈನ್ ಜಡ್ಜ್‌ಗಳನ್ನೂ ಕರೆದು ಮಾತಾಡಿ ತೀರ್ಪು ಬದಲಿಸಿದೆ. 14–14 ಮಾಡಿದೆ.

ಈಗ ಗಲಾಟೆ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. ಈ ಸಲ ಎದ್ದದ್ದು ಆ ಹುಡುಗನ ಊರಿನವರೇ. ಅವನನ್ನು ದ್ರೋಹಿ ಎಂದರು. ಅವನ ಅಣ್ಣನ ವಯಸ್ಸಿನವರು, ಬೆಳಿಗ್ಗೆ ಅವನ ಬೆನ್ನು ತಟ್ಟಿ ಕಳಿಸಿದವರು. ಕಲ್ಲು ಬಿದ್ದವು. ಒಂದು ಕಲ್ಲು ಚೆಂಡು ಹೆಕ್ಕಿ ಕೊಡಲು ನಿಂತಿದ್ದ ಒಬ್ಬ ಮಗುವಿನ ಹುಬ್ಬಿಗೆ ತಾಗಿತು. ರಕ್ತ ಕಣ್ಣಿಗೆ ಇಳಿಯಿತು. ಆ ಕ್ಷಣದಲ್ಲಿ ಎರಡೂ ತಂಡದ ಹನ್ನೆರಡು ಆಟಗಾರರು ಮಾಡಿದ್ದನ್ನು ನಾನು ಮೇಲಿನಿಂದ ನೋಡಿದೆ. ಯಾರೂ ಯಾರಿಗೂ ಹೇಳಲಿಲ್ಲ. ಎರಡೂ ಕಡೆಯವರು ನೆಟ್ ಕೆಳಗೆ ನುಗ್ಗಿ ಬಂದು ಆ ಮಗುವಿನ ಸುತ್ತ ಬೆನ್ನು ಹೊರಗೆ ಮಾಡಿ ನಿಂತರು. ಕಲ್ಲುಗಳು ಅವರ ಬೆನ್ನಿಗೆ ಬಿದ್ದವು. ಎರಡೂ ತಂಡದ ಒಬ್ಬೊಬ್ಬ ಮೀಸಲು ಆಟಗಾರರು ಮಗುವನ್ನು ಎತ್ತಿಕೊಂಡು ಒಂದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದರು.

ಪೊಲೀಸರು ಬಂದು ಜನರನ್ನೆಲ್ಲ ಹೊರಗೆ ಕಳಿಸಿದರು. ಎರಡು ಗಂಟೆ ಆದ ಮೇಲೆ ಖಾಲಿ ಕುರ್ಚಿಗಳ ಮುಂದೆ ಅದೇ ಅಂಗಳದಲ್ಲಿ 14–14ರಿಂದ ಆಟ ಮುಂದುವರಿಸಿದೆವು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕೆಲವೇ ನಿಮಿಷದಲ್ಲಿ ಮುಗಿಯಿತು. ಬೆರಳು ತೋರಿಸಿದ ಹುಡುಗನ ತಂಡ 17–15ಕ್ಕೆ ಸೋತಿತು. ಗೆದ್ದವರು ನೆಟ್ ಕೆಳಗಿಂದ ಬಗ್ಗಿ ಬಂದು ಅವನನ್ನು ಮೇಲಕ್ಕೆತ್ತಿದರು. ನೋಡಲು ನಾವು ಏಳೆಂಟು ಜನ ಇದ್ದೆವು ಅಷ್ಟೆ.

ಮಾರನೇ ದಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ನಿಮ್ಮದಲ್ಲ. "ರಣರಂಗವಾದ ಮೈದಾನ" ಎಂದು ತಲೆಬರಹ. ಮುರಿದ ಕುರ್ಚಿಗಳ ಫೋಟೊ. ಯಾವ ಊರಿನವರು ಮೊದಲು ಕಲ್ಲು ಹೊಡೆದರು ಎಂದು ಎರಡು ಪ್ಯಾರಾ. ಆ ಬೆರಳಿನ ಸುದ್ದಿ ಒಂದು ಸಾಲೂ ಇರಲಿಲ್ಲ. ಬೆನ್ನು ಕೊಟ್ಟು ನಿಂತವರ ಸುದ್ದಿಯೂ ಇಲ್ಲ. ಆ ವರದಿ ಓದಿದ ಎರಡೂ ಊರಿನವರು ಮುಂದಿನ ವರ್ಷ ಸೇಡು ಸೇಡು ಎಂದೇ ಬಂದರು. ಬರದೆ ಇನ್ನೇನು ಮಾಡುತ್ತಾರೆ? ಅವರ ಕೈಗೆ ಕೊಟ್ಟ ನೆನಪೇ ಅದು.

ಆಟ ಜನರನ್ನು ಒಂದು ಮಾಡುತ್ತದೆ ಎಂದು ಭಾಷಣದಲ್ಲಿ ಹೇಳುತ್ತಾರೆ. ಆಟದಿಂದಲೇ ಜಗಳ ಎಂದು ಇನ್ನು ಕೆಲವರು ಹೇಳುತ್ತಾರೆ. 22 ವರ್ಷ ಸೀಟಿ ಊದಿದ ಮೇಲೆ ನನಗೆ ಅನಿಸುವುದು ಬೇರೆ. ಜಗಳದ ಬೆಂಕಿ ಹೆಚ್ಚಾಗಿ ಗೆರೆಯ ಹೊರಗಿನಿಂದ ಬರುತ್ತದೆ. ಅದಕ್ಕೆ ಎಣ್ಣೆ ಸುರಿಯುವುದು ಪದಗಳು. ಆ ಪದಗಳನ್ನು ದಿನಾ ಅಚ್ಚು ಮಾಡುವವರು ನೀವು, ಓದುವವರು ನಾವು.

1969ರಲ್ಲಿ ಏನಾಯಿತು ನೋಡಿ. ಆ ಜೂನ್ ತಿಂಗಳಲ್ಲಿ ಮಧ್ಯ ಅಮೆರಿಕದ ಅಕ್ಕಪಕ್ಕದ ದೇಶಗಳಾದ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ವಿಶ್ವಕಪ್ ಫುಟ್‌ಬಾಲ್‌ಗೆ ಅರ್ಹತೆ ಪಡೆಯಲು ಎದುರುಬದುರು ಆಡಿದವು. ಮೊದಲ ಪಂದ್ಯ ಹೊಂಡುರಾಸ್ ನೆಲದಲ್ಲಿ, ಅವರೇ 1–0 ಗೆದ್ದರು. ಎರಡನೆಯದು ಎಲ್ ಸಾಲ್ವಡಾರ್‌ನಲ್ಲಿ, ಅವರು 3–0 ಗೆದ್ದರು. ಎರಡೂ ಕಡೆ ಹೊರಗಿನಿಂದ ಬಂದ ತಂಡ ಮಲಗಿದ್ದ ಹೋಟೆಲ್ ಮುಂದೆ ರಾತ್ರಿಯಿಡೀ ಗದ್ದಲ ಮಾಡಿ ನಿದ್ದೆ ಕೆಡಿಸಿದರು. ಮೂರನೇ ಪಂದ್ಯ ಮೆಕ್ಸಿಕೊ ಸಿಟಿಯಲ್ಲಿ. ಹೆಚ್ಚುವರಿ ಸಮಯದಲ್ಲಿ ಎಲ್ ಸಾಲ್ವಡಾರ್ 3–2ರಿಂದ ಗೆದ್ದಿತು. ಜುಲೈ 14ರಂದು ಅದರ ಸೈನ್ಯ ಹೊಂಡುರಾಸ್ ಗಡಿ ದಾಟಿತು. ಸುಮಾರು 100 ಗಂಟೆಯ ಯುದ್ಧ. ಸಾವಿರಾರು ಜನ ಸತ್ತರು. ಶಾಂತಿ ಒಪ್ಪಂದ ಆಗಿದ್ದು 1980ರಲ್ಲಿ.

ಇದಕ್ಕೆ ಫುಟ್‌ಬಾಲ್ ಯುದ್ಧ ಎಂದು ಹೆಸರು ಬಿದ್ದಿದೆ. ನನಗೆ ಆ ಹೆಸರು ಅನ್ಯಾಯ ಅನಿಸುತ್ತದೆ. ನಿಜವಾದ ಜಗಳ ಜಮೀನಿನದು. ಎಲ್ ಸಾಲ್ವಡಾರ್ ಚಿಕ್ಕ ದೇಶ, ಜನ ಜಾಸ್ತಿ. ಉಳಲು ನೆಲವಿಲ್ಲದೆ ಅಲ್ಲಿನ ಸುಮಾರು 3 ಲಕ್ಷ ಜನ ಹೊಂಡುರಾಸ್‌ಗೆ ಹೋಗಿ ಬದುಕು ಕಟ್ಟಿಕೊಂಡಿದ್ದರು. ಭೂಸುಧಾರಣೆ ಹೆಸರಿನಲ್ಲಿ ಹೊಂಡುರಾಸ್ ಸರ್ಕಾರ ಅವರನ್ನು ಒಕ್ಕಲೆಬ್ಬಿಸತೊಡಗಿತ್ತು. ಆ ನೋವು ಮೊದಲೇ ಇತ್ತು. ಎರಡೂ ದೇಶದ ಪತ್ರಿಕೆಗಳೂ ರೇಡಿಯೊಗಳೂ ಪಂದ್ಯದ ಸುದ್ದಿಯನ್ನು ಆ ನೋವಿನ ಮೇಲೆ ಸುರಿದವು. ಆಟಗಾರರ ಪಾಡು ಏನಾಯಿತು ಗೊತ್ತೇ? ಎಲ್ ಸಾಲ್ವಡಾರ್ ತಂಡ 1970ರ ವಿಶ್ವಕಪ್‌ಗೆ ಹೋಗಿ ಮೂರು ಪಂದ್ಯ ಆಡಿತು. ಮೂರನ್ನೂ ಸೋತಿತು. ಒಂದು ಗೋಲೂ ಹೊಡೆಯಲಾಗಲಿಲ್ಲ.

ರೆಫರಿಯಾಗಿ ನನ್ನನ್ನು ಬಿಡದೆ ಕಾಡುವ ಇನ್ನೊಂದು ದಿನ 1964ರ ಮೇ 24. ಪೆರುವಿನ ಲಿಮಾದಲ್ಲಿ ಪೆರು ಮತ್ತು ಅರ್ಜೆಂಟೀನಾ ನಡುವೆ ಒಲಿಂಪಿಕ್ ಅರ್ಹತಾ ಪಂದ್ಯ. ಕೊನೆಯ ಹೊತ್ತಿನಲ್ಲಿ ಪೆರು ಹೊಡೆದ ಗೋಲನ್ನು ರೆಫರಿ ಒಪ್ಪಲಿಲ್ಲ. ಜನ ಮೈದಾನಕ್ಕೆ ಇಳಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಉಸಿರು ಕಟ್ಟಿದ ಜನ ಮೆಟ್ಟಿಲಿಳಿದು ಹೊರಗೆ ಓಡಿದರು. ಕೆಳಗೆ ಗೇಟುಗಳು ಮುಚ್ಚಿದ್ದವು. 328 ಜನ ಸತ್ತರು. ಒಂದು ಸೀಟಿ ಊದಿದ್ದಕ್ಕೆ ಇಷ್ಟು ಜೀವ ಹೋಯಿತಾ ಎಂದು ಆ ರೆಫರಿ ಎಷ್ಟು ರಾತ್ರಿ ಎದ್ದು ಕೂತಿರಬಹುದು ಎಂದು ನಾನು ಯೋಚಿಸಿದ್ದೇನೆ. ಆದರೆ ಕೊಂದದ್ದು ಸೀಟಿಯಲ್ಲ, ಮುಚ್ಚಿದ ಬಾಗಿಲು. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲೂ ಹೀಗೇ ಆಯಿತು. ಮತ್ತೆ ಅಶ್ರುವಾಯು, ಮತ್ತೆ ನೂಕುನುಗ್ಗಲು, 135 ಸಾವು. ಗಲಾಟೆ ಆಗಬಹುದೆಂಬ ಹೆದರಿಕೆಯಿಂದ ಎದುರು ತಂಡದ ಅಭಿಮಾನಿಗಳನ್ನು ಆ ದಿನ ಒಳಗೆ ಬಿಟ್ಟೇ ಇರಲಿಲ್ಲ. ಇದ್ದವರೆಲ್ಲ ಒಂದೇ ಕಡೆಯವರು. ಹೊಡೆದಾಡಲು ಎದುರಿಗೆ ಯಾರೂ ಇರಲಿಲ್ಲ. ಆದರೂ ಅಷ್ಟು ಜನ ಮನೆಗೆ ಮರಳಲಿಲ್ಲ.

ಒಂದಾದ ಕತೆಗಳೂ ಬೇಕಾದಷ್ಟಿವೆ. ಅವುಗಳಲ್ಲಿ ನಾನು ಗಮನಿಸಿದ್ದು ಒಂದೇ. ಅಲ್ಲಿ ಯಾವುದೂ ತಾನಾಗಿ ಆಗಿಲ್ಲ. ಯಾರೋ ಒಬ್ಬರು ಎದ್ದು ಒಂದು ಹೆಜ್ಜೆ ಜಾಸ್ತಿ ಇಟ್ಟಿದ್ದಾರೆ.

1971ರಲ್ಲಿ ಜಪಾನಿನ ನಗೋಯಾದಲ್ಲಿ ವಿಶ್ವ ಟೇಬಲ್ ಟೆನಿಸ್ ನಡೆಯುತ್ತಿತ್ತು. ಅಮೆರಿಕದ ಆಟಗಾರ ಗ್ಲೆನ್ ಕೋವನ್ ಚೀನಾ ತಂಡದ ಬಸ್ ಹತ್ತಿಬಿಟ್ಟರು. ಎರಡು ದೇಶಗಳ ನಡುವೆ 20 ವರ್ಷಕ್ಕೂ ಹೆಚ್ಚು ಕಾಲ ರಾಜತಾಂತ್ರಿಕ ಸಂಬಂಧ ಇಲ್ಲದ ಸಮಯ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅಮೆರಿಕದವರ ಜೊತೆ ಮಾತಾಡಿದರೆ ಊರಲ್ಲಿ ಏನಾಗುತ್ತದೋ ಎಂಬ ಭಯ. ಆಗ ಹಿಂದಿನ ಸೀಟಿನಿಂದ ಜುವಾಂಗ್ ಜೆಡಾಂಗ್ ಎದ್ದು ಬಂದರು. ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದವರು. ದುಭಾಷಿಯನ್ನು ಜೊತೆಗೆ ಕರೆದುಕೊಂಡು ಮಾತಾಡಿಸಿ, ಬೆಟ್ಟದ ಚಿತ್ರ ಇರುವ ಒಂದು ರೇಷ್ಮೆ ಬಟ್ಟೆ ಉಡುಗೊರೆ ಕೊಟ್ಟರು. ಬಸ್ ಇಳಿಯುವಾಗ ಫೋಟೊಗ್ರಾಫರ್‌ಗಳು ಕಾದಿದ್ದರು. ಏಪ್ರಿಲ್ 10ರಂದು ಅಮೆರಿಕ ತಂಡ ಚೀನಾಕ್ಕೆ ಕಾಲಿಟ್ಟಿತು. 1972ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೋದರು. ದೊಡ್ಡವರು ಒಳಗೊಳಗೇ ದಾರಿ ಹುಡುಕುತ್ತಿದ್ದರು ಎಂಬುದೂ ನಿಜ. ಆದರೆ ಆ ಬಸ್ಸಿನಲ್ಲಿ ಎದ್ದು ನಿಂತವರು ಒಬ್ಬರೇ. ಆ ದಿನ ಪತ್ರಿಕೆಯವರು ಹೊರಗೆ ಕ್ಯಾಮೆರಾ ಹಿಡಿದು ನಿಂತಿದ್ದದ್ದು ಎಷ್ಟು ದೊಡ್ಡ ಉಪಕಾರ ಆಯಿತು ಯೋಚಿಸಿ.

ಆಫ್ರಿಕಾದ ಐವರಿ ಕೋಸ್ಟ್‌ನ ಫುಟ್‌ಬಾಲ್ ಆಟಗಾರ ಡಿಡಿಯೆರ್ ಡ್ರೋಗ್ಬಾ ಮಾಡಿದ್ದೂ ಅಂಥದ್ದೇ. 2002ರಿಂದ ಆ ದೇಶ ಉತ್ತರ ದಕ್ಷಿಣ ಎಂದು ಒಡೆದು ಒಳಗೇ ಯುದ್ಧ ನಡೆಯುತ್ತಿತ್ತು. 2005ರ ಅಕ್ಟೋಬರ್‌ನಲ್ಲಿ ಸುಡಾನ್ ವಿರುದ್ಧ 3–1 ಗೆದ್ದು ಅವರ ತಂಡ ಮೊದಲ ಸಲ ವಿಶ್ವಕಪ್‌ಗೆ ಹೋಗುವುದು ಖಚಿತವಾಯಿತು. ಎಲ್ಲರೂ ಕುಣಿಯುತ್ತಿದ್ದರು. ಡ್ರೋಗ್ಬಾ ಡ್ರೆಸ್ಸಿಂಗ್ ರೂಮಿನಲ್ಲಿ ಕ್ಯಾಮೆರಾ ಕರೆಸಿ, ಮೈಕ್ ಹಿಡಿದು, ಜೊತೆಗಾರರ ಸಮೇತ ಮಂಡಿಯೂರಿ ಆಯುಧ ಕೆಳಗಿಡಿ ಎಂದು ದೇಶದ ಜನರನ್ನು ಬೇಡಿಕೊಂಡರು. ಆ ತಂಡದಲ್ಲಿ ಉತ್ತರದವರೂ ಇದ್ದರು, ದಕ್ಷಿಣದವರೂ ಇದ್ದರು. 2007ರ ಜೂನ್ 3ರಂದು ಬಂಡುಕೋರರ ಕೇಂದ್ರವಾಗಿದ್ದ ಬುಆಕೆ ಊರಿನಲ್ಲೇ ಮಡಗಾಸ್ಕರ್ ಜೊತೆ ಪಂದ್ಯ ಆಡಿದರು. 5–0 ಗೆದ್ದರು. ಎರಡೂ ಕಡೆಯವರು ಒಂದೇ ಕ್ರೀಡಾಂಗಣದಲ್ಲಿ ಕೂತು ನೋಡಿದರು. ಇದನ್ನು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ 2010ರ ಚುನಾವಣೆ ಆದ ಮೇಲೆ ಆ ದೇಶದಲ್ಲಿ ಮತ್ತೆ ಗುಂಡು ಹಾರಿತು. ಒಂದು ಆಟ ಎಷ್ಟು ದಿನ ಹೊತ್ತುಕೊಂಡೀತು? ಮೂರು ವರ್ಷ ಹೊತ್ತರೂ ನನಗೆ ಅದು ಕಡಿಮೆ ಅಲ್ಲ. ಆ ಮೂರು ವರ್ಷದಲ್ಲಿ ಹುಟ್ಟಿದ ಮಕ್ಕಳಿದ್ದಾರೆ.

ದಕ್ಷಿಣ ಆಫ್ರಿಕಾದಲ್ಲಿ 1995ರ ಜೂನ್ 24ರಂದು ನೆಲ್ಸನ್ ಮಂಡೇಲಾ ರಗ್ಬಿ ತಂಡದ 6ನೇ ನಂಬರ್ ಜರ್ಸಿ ಹಾಕಿಕೊಂಡು ಮೈದಾನಕ್ಕೆ ಬಂದರಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಕರಿಯರಿಗೆ ಆ ಹಸಿರು ಜರ್ಸಿ ಎಂದರೆ ತಮ್ಮನ್ನು ತುಳಿದವರ ಗುರುತು. ಅದನ್ನೇ ಅವರು ಮೈಮೇಲೆ ಹಾಕಿಕೊಂಡರು. 27 ವರ್ಷ ಜೈಲಿನಲ್ಲಿದ್ದವರು. ಸೇಡು ಎಂಬ ಪದ ಬಳಸಲು ಅವರಿಗಿಂತ ಹಕ್ಕಿದ್ದವರು ಯಾರು?

ನಮಗೆ ಹತ್ತಿರದ್ದನ್ನೂ ಹೇಳುತ್ತೇನೆ. 2024ರ ಆಗಸ್ಟ್ 8ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಜಾವೆಲಿನ್ ಎಸೆದು ಚಿನ್ನ ಗೆದ್ದರು. ನಮ್ಮ ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿ ಗೆದ್ದರು. ನೀರಜ್ ಅವರ ತಾಯಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂಬ ಅರ್ಥದ ಮಾತಾಡಿದರು. ಅರ್ಷದ್ ಅವರ ತಾಯಿಯೂ ನೀರಜ್ ಬಗ್ಗೆ ಹಾಗೇ ಹೇಳಿದರು. ಎರಡೂ ದೇಶದವರು ಆ ತಾಯಂದಿರನ್ನು ಹೊಗಳಿದರು. ನಾನು ಅವತ್ತು ಅತ್ತಿದ್ದೆ.

ಒಂದು ವರ್ಷವೂ ಆಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಉಗ್ರರು ಅಮಾಯಕರನ್ನು ಕೊಂದರು. ಆ ಸಂಕಟ ನಮ್ಮೆಲ್ಲರದು. ನೀರಜ್ ಆ ಘಟನೆಗೂ ಮೊದಲು ತಮ್ಮ ಹೆಸರಿನ ಕೂಟಕ್ಕೆ ಬೇರೆ ಎಸೆತಗಾರರ ಜೊತೆ ಅರ್ಷದ್‌ಗೂ ಆಹ್ವಾನ ಕಳಿಸಿದ್ದರು. ಅದನ್ನು ಹಿಡಿದುಕೊಂಡು ಜನ ನೀರಜ್ ಅವರನ್ನೂ ಅವರ ಮನೆಯವರನ್ನೂ ಬಾಯಿಗೆ ಬಂದಂತೆ ಬೈದರು. ಕೆಲವೇ ತಿಂಗಳ ಹಿಂದೆ ಹೊಗಳಿದ ಅದೇ ಮಾತಿಗೆ ಆ ತಾಯಿಯನ್ನು ಈಗ ಹಳಿದರು. ದೇಶಕ್ಕಾಗಿ ಎರಡು ಒಲಿಂಪಿಕ್ ಪದಕ ತಂದವರು ತಾನು ದೇಶಪ್ರೇಮಿ ಎಂದು ಹೇಳಿಕೆ ಕೊಡಬೇಕಾಯಿತು. ಸತ್ತವರ ನೋವಿಗೂ ಆ ಬೈಗುಳಕ್ಕೂ ಏನು ಸಂಬಂಧ? ಅದರಿಂದ ಯಾರ ಕಣ್ಣೀರು ಒರೆಸಿದಂತಾಯಿತು?

ಕೆಲವು ಸಲ ಹಗೆ ನಿಜವಾಗಿಯೂ ಇರುತ್ತದೆ. ಅದನ್ನು ಇಲ್ಲ ಎನ್ನಲಾರೆ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿ ಜನರನ್ನು ಕೊಂದವು. ಕೆಲವೇ ವಾರದಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ವಾಟರ್ ಪೋಲೊದಲ್ಲಿ ಅದೇ ಎರಡು ದೇಶ ಎದುರಾದವು. ಹಂಗೇರಿ 4–0 ಮುಂದಿತ್ತು. ಹಂಗೇರಿಯ ಎರ್ವಿನ್ ಜಾಡೋರ್ ಕಣ್ಣಿನ ಹತ್ತಿರ ಏಟು ತಿಂದು ರಕ್ತ ಸುರಿಸಿಕೊಂಡು ನೀರಿನಿಂದ ಎದ್ದು ಬಂದರು. ಪಂದ್ಯ ಪೂರ್ತಿ ಆಡಲಾಗಲಿಲ್ಲ. ಆ ಹುಡುಗರಿಗೆ ಹೋಗಿ ನಗುತ್ತಾ ಕೈ ಕೊಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಊರಿನಲ್ಲಿ ಟ್ಯಾಂಕ್ ನಿಂತಿರುವವರಿಗೆ ದೂರದಲ್ಲಿ ಕೂತವರು ಬುದ್ಧಿ ಹೇಳಬಾರದು. ಆದರೆ 11 ವರ್ಷದ ಎರಡು ಮಕ್ಕಳ ನಡುವೆ ಯಾವ ಟ್ಯಾಂಕ್ ಇತ್ತು? ನನ್ನ ಮೊಮ್ಮಗಳಿಗೂ ಆ 7ನೇ ನಂಬರಿನ ಹುಡುಗಿಗೂ ನಡುವೆ ಇದ್ದದ್ದು ಒಂದು ನೆಟ್ ಮತ್ತು ನಿಮ್ಮ ಪತ್ರಿಕೆಯ ಒಂದು ಪದ.

ನಮ್ಮ ಭಾಷೆಯಲ್ಲಿ ಎದುರಾಳಿ ಎಂಬ ಎಷ್ಟು ಒಳ್ಳೆಯ ಪದ ಇದೆ. ಎದುರಿಗೆ ನಿಂತ ಆಳು. ಅಷ್ಟೇ. ಅದರಲ್ಲಿ ದ್ವೇಷ ಇಲ್ಲ, ವಿಷ ಇಲ್ಲ. ಎದುರಿಗೆ ಯಾರೂ ನಿಲ್ಲದಿದ್ದರೆ ಆಟವೇ ಇಲ್ಲ. ನಾನು ರೆಫರಿ ಆಗಿದ್ದಾಗ ಒಂದೆರಡು ಸಲ ಎದುರು ತಂಡ ಬಾರದೆ ಬಂದ ತಂಡವನ್ನು ಗೆದ್ದಿದೆ ಎಂದು ಘೋಷಿಸಿದ್ದೇನೆ. ಆ ಗೆದ್ದವರ ಮುಖ ನೀವು ನೋಡಬೇಕಿತ್ತು. ಶೂ ಲೇಸ್ ಕಟ್ಟಿಕೊಂಡು, ಮೈ ಬಿಸಿ ಮಾಡಿಕೊಂಡು ಬಂದವರು ಆ ಕಡೆಯ ಖಾಲಿ ಅಂಗಳ ನೋಡುತ್ತಾ ನಿಂತಿರುತ್ತಿದ್ದರು. ಯಾರೂ ಕುಣಿದದ್ದು ನೆನಪಿಲ್ಲ.

ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್ ನಿಮಗೆ ನೆನಪಿರಬಹುದು. 2021ರ ಆಗಸ್ಟ್ 1. ಕತಾರ್‌ನ ಮುತಾಜ್ ಬರ್ಷಿಮ್, ಇಟಲಿಯ ಜಾನ್‌ಮಾರ್ಕೊ ತಾಂಬೇರಿ ಇಬ್ಬರೂ 2.37 ಮೀಟರ್ ಹಾರಿದರು. 2.39 ಇಬ್ಬರಿಗೂ ಆಗಲಿಲ್ಲ. ಇನ್ನೊಂದು ಸಲ ಹಾರಿ ತೀರ್ಮಾನ ಮಾಡಿಕೊಳ್ಳಿ ಎಂದು ಅಧಿಕಾರಿ ಹೇಳತೊಡಗಿದಾಗ ಬರ್ಷಿಮ್, ಇಬ್ಬರಿಗೂ ಚಿನ್ನ ಕೊಡಬಹುದಾ ಎಂದು ಕೇಳಿದರು. ಆಗಬಹುದು ಎಂದರು. ತಾಂಬೇರಿ ಹಾರಿ ಅವರ ತೋಳಿಗೆ ಬಿದ್ದರು. ನಿಯಮದ ಪುಸ್ತಕದಲ್ಲಿ ಆ ಅವಕಾಶ ಮೊದಲೇ ಇತ್ತು. ಕೇಳುವವರು ಬೇಕಿತ್ತು.

ನಿಮ್ಮ ಉಪಸಂಪಾದಕರು ಹೇಳಬಹುದು, ತಲೆಬರಹ ಖಾರವಾಗಿದ್ದರೆ ಮಾತ್ರ ಜನ ಓದುತ್ತಾರೆ ಎಂದು. ನಾನು 40 ವರ್ಷದಿಂದ ನಿಮ್ಮ ಪತ್ರಿಕೆ ಓದುವವಳು. ನಾನು ಓದುವುದು ಯಾರು ಹೇಗೆ ಆಡಿದರು ಎಂದು ತಿಳಿಯಲು. 14–13ರಲ್ಲಿ ಒಬ್ಬ ಹುಡುಗ ತನ್ನ ಬೆರಳು ತೋರಿಸಿದ ಎಂದು ಬರೆದು ನೋಡಿ. ಅದಕ್ಕಿಂತ ರೋಚಕ ಸುದ್ದಿ ಯಾವುದಿದೆ? ಸೋಲನ್ನು ಸೋಲು ಎನ್ನಿ, ದೊಡ್ಡ ಸೋಲನ್ನು ದೊಡ್ಡ ಸೋಲು ಎನ್ನಿ. ಹೀನಾಯ ಎನ್ನುವುದು ಬೇಡ. ಹಳೆಯ ಸೋಲಿನ ನಂತರ ಗೆದ್ದರೆ ಗೆದ್ದರು ಎಂದರೆ ಸಾಕು, ಸೇಡು ತೀರಿಸಿಕೊಂಡರು ಎನ್ನುವುದು ಯಾಕೆ? ಪಂದ್ಯ ಮುಗಿದ ಮೇಲೆ ಕೈ ಕೊಡುವ ಫೋಟೊ ಒಂದನ್ನು, ಚಿಕ್ಕದಾದರೂ ಸರಿ, ಹಾಕಿ. ಎಲ್ಲಾದರೂ ಗಲಾಟೆಯಾದರೆ ಅದನ್ನು ಮುಚ್ಚಿಡಬೇಡಿ. ಕಲ್ಲು ಹೊಡೆದವರ ಜೊತೆಗೆ ಬೆನ್ನು ಕೊಟ್ಟು ನಿಂತವರನ್ನೂ ಬರೆಯಿರಿ. ಇಷ್ಟೇ ನಾನು ಕೇಳುವುದು. ಇದಕ್ಕೆ ಒಂದು ಅಂಗುಲ ಜಾಗವೂ ಜಾಸ್ತಿ ಬೇಕಾಗುವುದಿಲ್ಲ.

ಮೊಮ್ಮಗಳ ಜೊತೆ ಆ ರಾತ್ರಿ ತುಂಬಾ ಹೊತ್ತು ಮಾತಾಡಿದೆ. ಬೆರಳು ತೋರಿಸಿದ ಹುಡುಗನ ಕತೆ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡಳು. "ಅವನ ಊರಿನವರು ಆಮೇಲೆ ಅವನನ್ನು ಮಾತಾಡಿಸಿದರಾ ಅಜ್ಜಿ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ. ನಾನು ಯಾವತ್ತೂ ವಿಚಾರಿಸಲಿಲ್ಲ. ಅದು ನನ್ನ ತಪ್ಪು.

ಬರುವ ಶನಿವಾರ ಅದೇ ತಂಡದ ಜೊತೆ ಅವಳಿಗೆ ಇನ್ನೊಂದು ಪಂದ್ಯ ಇದೆ. ಆ 7ನೇ ನಂಬರಿನ ಹುಡುಗಿಯ ಹೆಸರು ಏನೆಂದು ಕೇಳಿಕೊಂಡು ಬಾ ಎಂದಿದ್ದೇನೆ. ಆಗಲಿ ಎಂದಿದ್ದಾಳೆ. ಭಾನುವಾರದ ಕ್ರೀಡಾ ಪುಟವನ್ನೂ ಅವಳೇ ನನಗೆ ಓದಿ ಹೇಳುತ್ತಾಳೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು
ನಿವೃತ್ತ ವಾಲಿಬಾಲ್ ರೆಫರಿ